ನೀಲಿ ಲೈಟ್ ಆರಿಸಿ, ಆಮೇಲೆ ಹೆಸರು ಹೇಳಿ

ಶಿವಮೊಗ್ಗದಲ್ಲಿ ಅಕ್ವೇರಿಯಂ ನೋಡಿಕೊಳ್ಳುವುದು ನನ್ನ ಕೆಲಸ. ಉಪ್ಪುನೀರಿನ ಟ್ಯಾಂಕ್ ಇಟ್ಟವರು ಇಲ್ಲಿ ಕಡಿಮೆ. ಇಟ್ಟವರೆಲ್ಲ ಕೇಳುವ ಪ್ರಶ್ನೆ ಮಾತ್ರ ಒಂದೇ: "ಅಣ್ಣಾ, ಇದು ಯಾವ ಕೋರಲ್?"

ಕೋರಲ್ ಅಂದರೆ ಹವಳದ ಜೀವಿ. ಕೇಳಿದ ಕೂಡಲೇ ಹೆಸರು ಹೇಳುವುದಿಲ್ಲ. ಮೊದಲು ನೀಲಿ ಲೈಟ್ ಆರಿಸಿ ಬಿಳಿ ಲೈಟ್ ಹಾಕಿಸುತ್ತೇನೆ. ನೀಲಿ ಬೆಳಕಿನಲ್ಲಿ ಹಸಿರೆಲ್ಲ ಹೊಳೆಯುತ್ತದೆ, ಬಣ್ಣ ನಂಬಿದರೆ ಕೆಟ್ಟೆವು. ಆಮೇಲೆ ಗಾಜಿಗೆ ಭೂತಗನ್ನಡಿ ಒತ್ತಿ, ಅರಳಿದ ಒಂದು ಪಾಲಿಪ್‌ನ, ಅಂದರೆ ಹವಳದ ಮೈಮೇಲೆ ಹೂವಿನ ಹಾಗೆ ಅರಳುವ ಸಣ್ಣ ಜೀವಿಯ, ಕೈ ಎಣಿಸುತ್ತೇನೆ. ನಿಜವಾದ ಸಾಫ್ಟ್ ಕೋರಲ್, ಅಂದರೆ ಮೆದು ಹವಳ, ಆದರೆ ಎಂಟೇ ಕೈ. ಒಂದೊಂದು ಕೈಯ ಎರಡೂ ಬದಿಗೆ ಹಕ್ಕಿಗರಿಯ ಹಾಗೆ ಸಣ್ಣ ಕವಲು. ಝೋವಾಂಥಿಡ್, ಮಶ್ರೂಮ್ ಎಂಬ ಹವಳದಂಥ ಬೇರೆ ಜೀವಿಗಳನ್ನೂ ಅಂಗಡಿಯವರು ಸಾಫ್ಟ್ ಕೋರಲ್ ಅಂತಲೇ ಮಾರುತ್ತಾರೆ. ಅವಕ್ಕೆ ಈ ಎಂಟರ ಲೆಕ್ಕ ಇಲ್ಲ. ಸುಮ್ನೆ ಜಾಣತನ ತೋರಿಸಲು ಇದನ್ನು ಹೇಳುತ್ತಿಲ್ಲ. ಕೆಲವು ಝೋವಾಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಾರಿ ವಿಷ ಇರುತ್ತದೆ. ಅವು ಅಂಟಿದ ಕಲ್ಲನ್ನು ಬಿಸಿನೀರಿಗೆ ಹಾಕಿ ತೊಳೆಯಲು ಹೋದರೆ, ಆ ಆವಿ ಕುಡಿದವರು ಆಸ್ಪತ್ರೆ ಸೇರಬೇಕಾಗುತ್ತದೆ.

ತಲೆಕೆಡಿಸುವುದು ತೊಗಲಿನಂಥ ಮೈಯ ಮೆದು ಹವಳಗಳಾದ ಲೆದರ್ ಕೋರಲ್‌ಗಳು. ಅಣಬೆ ಆಕಾರದ ಟೋಡ್‌ಸ್ಟೂಲ್, ಅಂದರೆ ಸಾರ್ಕೋಫೈಟನ್, ಬೋಳು ಕಾಂಡದ ಮೇಲೆ ಕೊಡೆ ಬಿಚ್ಚಿ ನಿಲ್ಲುತ್ತದೆ. ಕೊಡೆಯ ಮೇಲಿನ ಉದ್ದ ಪಾಲಿಪ್‌ಗಳ ನಡುವೆ ಕಣ್ಣಿಟ್ಟು ನೋಡಿ, ಚಿಕ್ಕ ಚಿಕ್ಕ ಚುಕ್ಕೆ ಕಾಣುತ್ತವೆ. ಅವೂ ಪಾಲಿಪ್‌ಗಳೇ, ಮೈಯೊಳಗೆ ನೀರು ಓಡಿಸುವಂಥವು. ಇನ್ನೊಂದು ಲೆದರ್ ಆದ ಸಿನುಲೇರಿಯಾದಲ್ಲಿ ಈ ಚುಕ್ಕೆ ಇಲ್ಲ, ಪಾಲಿಪ್ ಒಂದೇ ಬಗೆ. ಮೂರನೆಯದು ಲೋಬೋಫೈಟಮ್, ಅದರಲ್ಲಿ ಚುಕ್ಕೆ ಇದೆ, ಆದರೆ ಮೇಲ್ಭಾಗ ಏಣು ಏಣು. ಮರಿ ಇದ್ದಾಗ ಇವು ಮೂರೂ ಒಂದೇ ಥರ ಕಾಣುತ್ತವೆ, ಆಗ ಈ ಚುಕ್ಕೆಗಳೇ ಗತಿ. ಇನ್ನೂ ಒಳಗಿನ ಜಾತಿ ಹೇಳಬೇಕಾದರೆ ಮೈಯೊಳಗಿನ ಸುಣ್ಣದ ಕಣಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಫೋಟೋ ನೋಡಿ ಪೂರ್ತಿ ಹೆಸರು ಹೇಳುವವರನ್ನು ನಾನು ನಂಬುವುದಿಲ್ಲ.

ಹೆಸರು ಗೊತ್ತಿದ್ದರೆ ಲಾಭ ಉಂಟು. "ಸತ್ತೇ ಹೋಯ್ತು ಮಾರಾಯ, ಬಿಸಾಕ್ಲಾ?" ಅಂತ ತೀರ್ಥಹಳ್ಳಿಯಿಂದ ಫೋನ್ ಬಂತು. ವಿಡಿಯೋದಲ್ಲಿ ನೋಡಿದರೆ ಟೋಡ್‌ಸ್ಟೂಲ್ ಪಾಲಿಪ್ ಎಲ್ಲ ಒಳಗೆ ಎಳೆದುಕೊಂಡು, ಮೇಣ ಬಳಿದಂತೆ ಮಿರುಗುತ್ತಿತ್ತು. ಪೊರೆ ಬಿಡುತ್ತಿದೆ, ಅಷ್ಟೇ. ನೀರಿನ ಸೆಳೆತ ಸ್ವಲ್ಪ ಜಾಸ್ತಿ ಮಾಡಿ ಅಂದೆ. ಕೆಲವು ದಿನದಲ್ಲಿ ಪೊರೆ ಕಳಚಿ ಮತ್ತೆ ಅರಳಿತು.

ಇನ್ನೊಂದನ್ನು ಮಾತ್ರ ಖಡಕ್ಕಾಗಿ ನೋಡುತ್ತೇನೆ. ಕ್ಲೋವ್ ಪಾಲಿಪ್ ಎಂಬ ಮೆದು ಹವಳ ಅಂತ ತಂದದ್ದರ ಬುಡದಲ್ಲಿ ಗಟ್ಟಿ ಕೆಂಪು ಕೊಳವೆಗಳಿದ್ದರೆ ಅದು ಆರ್ಗನ್ ಪೈಪ್ ಕೋರಲ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಅದರ ಹೆಸರಿದೆ, ಬೀಸಣಿಗೆ ಆಕಾರದ ಹವಳಗಳಾದ ಸೀ ಫ್ಯಾನ್‌ಗಳದ್ದೂ ಇದೆ. ಅಂಥದ್ದು ಇಟ್ಟ ಟ್ಯಾಂಕಿನ ಕೆಲಸ ನಾನು ಒಪ್ಪುವುದಿಲ್ಲ, ಗಿರಾಕಿ ಎಷ್ಟೇ ಹಳಬರಾಗಿರಲಿ.