ಸ್ಟ್ರಿಂಗ್ ಥಿಯರಿ ಪಾಠ ಪ್ರೋಟಾನ್‌ನಿಂದ ಶುರುವಾಗಲಿ

ಬಿ.ಎಸ್ಸಿ ಕೊನೆಯ ವರ್ಷದವರಿಗೆ ಕಣ ಭೌತಶಾಸ್ತ್ರ ಪಾಠ ಮಾಡುವುದು ನನ್ನ ಕೆಲಸ. ಪ್ರತಿ ಬ್ಯಾಚ್‌ನಲ್ಲೂ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ಕೊನೆಗೆ ಎಲ್ಲಾ ಸ್ಟ್ರಿಂಗ್‌ನಿಂದಲೇ ಆಗಿರೋದು ಅಲ್ವಾ?" ವಿಡಿಯೋ ನೋಡಿ ಬಂದಿರುತ್ತಾರೆ. ಅದರಲ್ಲಿ ಪರಮಾಣು, ನ್ಯೂಕ್ಲಿಯಸ್, ಪ್ರೋಟಾನ್, ಕ್ವಾರ್ಕ್ ಅಂತ ಒಳಗೊಳಗೆ ಹೋಗುತ್ತಾ ಕೊನೆಗೆ ಹೊಳೆಯುವ ಎಳೆಯೊಂದು, ಅಂದರೆ ಸ್ಟ್ರಿಂಗ್, ಕಾಣಿಸುತ್ತದೆ. ನೋಡಿದವರಿಗೆ ಎಲ್ಲಾ ಮೆಟ್ಟಿಲೂ ಒಂದೇ ಥರ ಖಾತ್ರಿಯಾದದ್ದು ಅನ್ನಿಸಿಬಿಡುತ್ತದೆ. ಕ್ವಾರ್ಕ್ ತನಕ ನಮ್ಮನ್ನು ಕರೆದುಕೊಂಡು ಹೋಗಿರುವುದು ಪ್ರಯೋಗ. ಅಲ್ಲಿಂದ ಮುಂದೆ ಸದ್ಯಕ್ಕೆ ಗಣಿತ ಮಾತ್ರ ಹೋಗಿದೆ.

ಅದಕ್ಕೇ ನಾನು ಸ್ಟ್ರಿಂಗ್ ಪಾಠವನ್ನು ಪ್ರೋಟಾನ್‌ನಿಂದ ಶುರು ಮಾಡುತ್ತೇನೆ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಬೇರೆ ಮೇಷ್ಟ್ರುಗಳಿಗೂ ಹೇಳಬೇಕು ಅನ್ನಿಸುವುದು ಇದೊಂದೇ.

ಮೊದಲು ಬೋರ್ಡ್ ಮೇಲೆ ಒಂದು ಕೂಡುವ ಲೆಕ್ಕ. ಪ್ರೋಟಾನ್‌ನಲ್ಲಿ ಎರಡು ಅಪ್ ಕ್ವಾರ್ಕ್, ಒಂದು ಡೌನ್ ಕ್ವಾರ್ಕ್. ಅಪ್‌ನ ದ್ರವ್ಯರಾಶಿ ಸುಮಾರು 2.2 ಎಂಇವಿ (ಕಣಗಳ ದ್ರವ್ಯರಾಶಿಯನ್ನು ಶಕ್ತಿಯ ಲೆಕ್ಕದಲ್ಲಿ ಅಳೆಯುವ ಮಾನ), ಡೌನ್‌ನದ್ದು ಸುಮಾರು 4.7. ಕೂಡಿದರೆ 9 ಚಿಲ್ಲರೆ ಬರುತ್ತದೆ. ಪಕ್ಕದಲ್ಲೇ ಪ್ರೋಟಾನ್‌ನ ದ್ರವ್ಯರಾಶಿ ಬರೆಯುತ್ತೇನೆ: 938. ಕ್ಲಾಸ್‌ನಲ್ಲಿ ಗುಸುಗುಸು ಶುರುವಾಗುತ್ತದೆ, ಲೆಕ್ಕ ತಪ್ಪಿದೆ ಅಂತ ಕೆಲವರು ಕೈ ಎತ್ತುತ್ತಾರೆ. ತಪ್ಪಿಲ್ಲ. ಉಳಿದ 99 ಪರ್ಸೆಂಟ್ ಬರುವುದು ಕ್ವಾರ್ಕ್‌ಗಳ ಓಡಾಟದ ಶಕ್ತಿಯಿಂದ ಮತ್ತು ಅವುಗಳನ್ನು ಹಿಡಿದಿಟ್ಟಿರುವ ಗ್ಲುವಾನ್ ಕ್ಷೇತ್ರದ ಶಕ್ತಿಯಿಂದ. 2012ರಲ್ಲಿ ಹಿಗ್ಸ್ ಕಣ ಸಿಕ್ಕಾಗ ಎಲ್ಲದಕ್ಕೂ ದ್ರವ್ಯರಾಶಿ ಕೊಡುವ ಕಣ ಅಂತ ಸುದ್ದಿಯಾಗಿತ್ತಲ್ಲ, ನಮ್ಮ ಮೈಯ ತೂಕದಲ್ಲಿ ಅದರ ನೇರ ಪಾಲು ತುಂಬಾ ಸಣ್ಣದು. ಇದನ್ನು ಕೇಳಿದ ಮೇಲೆ 'ಒಳಗೆ ಏನಿದೆ' ಅನ್ನುವ ಪ್ರಶ್ನೆಯನ್ನೇ ಹುಡುಗರು ಬೇರೆ ಥರ ಕೇಳುವುದಕ್ಕೆ ಶುರು ಮಾಡುತ್ತಾರೆ, ಡಬ್ಬಿಯೊಳಗೆ ಡಬ್ಬಿ ಅನ್ನುವ ಚಿತ್ರ ಅಲ್ಲಿಗೆ ಸಡಿಲವಾಗುತ್ತದೆ.

ಮುಂದೆ, ಕ್ವಾರ್ಕ್ ಒಂದನ್ನು ಹೊರಗೆ ಎಳೆದರೆ ಏನಾಗುತ್ತದೆ? ಇಲ್ಲಿ ರಬ್ಬರ್ ಬ್ಯಾಂಡ್ ನೆನಪಿಸುತ್ತೇನೆ, ಆದರೆ ಎಲ್ಲಿ ಹೋಲುವುದಿಲ್ಲ ಅನ್ನುವುದನ್ನೂ ಜೊತೆಗೇ ಹೇಳುತ್ತೇನೆ. ರಬ್ಬರ್ ಎಳೆದಷ್ಟೂ ಬಿಗಿಯಾಗುತ್ತದೆ. ಕ್ವಾರ್ಕ್‌ಗಳ ನಡುವಿನ ಗ್ಲುವಾನ್ ಕ್ಷೇತ್ರ ಒಂದು ತೆಳು ಕೊಳವೆಯಾಗಿ ಚಾಚಿಕೊಳ್ಳುತ್ತದೆ, ಅದರ ಎಳೆತ ದೂರದ ಜೊತೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಪ್ರತಿ ಫೆಮ್ಟೋಮೀಟರ್‌ಗೆ (10⁻¹⁵ ಮೀಟರ್) ಸುಮಾರು 1 ಜಿಇವಿ (ಸಾವಿರ ಎಂಇವಿ) ಶಕ್ತಿ ಬೇಕು. ದಿನನಿತ್ಯದ ಲೆಕ್ಕದಲ್ಲಿ ಇದು 16 ಟನ್ ತೂಕದಷ್ಟು ಬಲ, ಅದೂ ಎರಡು ಕ್ವಾರ್ಕ್‌ಗಳ ನಡುವೆ! ಇನ್ನೂ ಎಳೆದರೆ ಆ ಶಕ್ತಿಯಿಂದಲೇ ಹೊಸ ಕ್ವಾರ್ಕ್ ಮತ್ತು ಪ್ರತಿಕ್ವಾರ್ಕ್ ಹುಟ್ಟಿ ಕೊಳವೆ ತುಂಡಾಗುತ್ತದೆ. ಒಂಟಿ ಕ್ವಾರ್ಕ್ ಮಾತ್ರ ಸಿಗುವುದಿಲ್ಲ.

ಆಮೇಲೆ ಗ್ರಾಫ್ ಹಾಳೆ ಹಂಚುತ್ತೇನೆ. ನಾಲ್ಕು ಮೆಸಾನ್‌ಗಳು, ಅಂದರೆ ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್ ಸೇರಿದ ಕಣಗಳು. ಸ್ಪಿನ್ (ಕಣದ ಸುತ್ತುವಿಕೆಯ ಅಳತೆ) 1 ಇರುವ ರೋ ಎಂಬ ಮೆಸಾನ್, ದ್ರವ್ಯರಾಶಿ ಸುಮಾರು 0.775 ಜಿಇವಿ. ಸ್ಪಿನ್ 2ಕ್ಕೆ 1.32, ಸ್ಪಿನ್ 3ಕ್ಕೆ 1.69, ಸ್ಪಿನ್ 4ಕ್ಕೆ 1.97. ವರ್ಗ ಮಾಡಿ ಅಂತೀನಿ. 0.60, 1.74, 2.86, 3.88. ಸ್ಪಿನ್ ಎದುರು ಗುರುತು ಹಾಕಿದರೆ ನಾಲ್ಕೂ ಚುಕ್ಕಿ ಒಂದೇ ಗೆರೆಯ ಮೇಲೆ ಕೂರುತ್ತವೆ. ತುದಿಗಳು ಬೆಳಕಿನ ವೇಗದಲ್ಲಿ ಸುತ್ತುವ, ಎಳೆತ ಬದಲಾಗದ ಒಂದು ಸ್ಟ್ರಿಂಗ್‌ನ ಲೆಕ್ಕ ಮಾಡಿದರೆ ಇದೇ ಸರಳರೇಖೆ ಬರುತ್ತದೆ. ಸ್ಟ್ರಿಂಗ್ ಥಿಯರಿ ಹುಟ್ಟಿದ್ದು ಇಂಥ ಕಣಗಳ ಡೇಟಾದ ಮಧ್ಯೆಯೇ ಅನ್ನುವುದು ಆಗ ಅವರ ಕಣ್ಣಿಗೇ ಕಾಣುತ್ತದೆ. 1968ರಲ್ಲಿ ಭೌತವಿಜ್ಞಾನಿ ವೆನೆಜಿಯಾನೊ ಇವುಗಳ ಡಿಕ್ಕಿಗೆ ಹೊಂದುವ ಒಂದು ಸೂತ್ರ ಬರೆದರು. ಅದರ ಹಿಂದೆ ಇರುವುದು ಸ್ಟ್ರಿಂಗ್ ಅಂತ ನಂಬು, ನೀಲ್ಸನ್, ಸಸ್ಕಿಂಡ್ ಮೂವರೂ ಬೇರೆ ಬೇರೆಯಾಗಿ ಕಂಡುಕೊಂಡರು.

ಆ ಲೆಕ್ಕದಲ್ಲಿ ಯಾರಿಗೂ ಬೇಡವಾದ ಒಂದು ಕಣವೂ ಬರುತ್ತಿತ್ತು. ದ್ರವ್ಯರಾಶಿ ಸೊನ್ನೆ, ಸ್ಪಿನ್ 2. ಕ್ವಾರ್ಕ್‌ಗಳನ್ನು ಹಿಡಿದಿಡುವ ಪ್ರಬಲ ಬಲದಲ್ಲಿ ಅಂಥದ್ದಕ್ಕೆ ಜಾಗವೇ ಇಲ್ಲ. ಅಷ್ಟರಲ್ಲಿ 1973ರ ಹೊತ್ತಿಗೆ ಕ್ವಾರ್ಕ್-ಗ್ಲುವಾನ್ ಸಿದ್ಧಾಂತ ಗಟ್ಟಿಯಾಯಿತು, ಹೆಚ್ಚಿನವರು ಸ್ಟ್ರಿಂಗ್ ಬಿಟ್ಟರು. 1974ರಲ್ಲಿ ಶೆರ್ಕ್ ಮತ್ತು ಶ್ವಾರ್ಜ್, ಜೊತೆಗೆ ಅವರ ಸಂಪರ್ಕವಿಲ್ಲದೆ ಯೊನೆಯಾ, ಆ ಬೇಡದ ಕಣ ಗ್ರಾವಿಟಾನ್ ಥರ, ಅಂದರೆ ಗುರುತ್ವವನ್ನು ಸಾಗಿಸುತ್ತದೆ ಅಂತ ಊಹಿಸಿರುವ ಕಣದ ಥರ ವರ್ತಿಸುತ್ತದೆ ಅಂತ ತೋರಿಸಿದರು. ಇಡೀ ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು. ಪ್ರೋಟಾನ್ ಅಳತೆಯ, ಅಂದರೆ 10⁻¹⁵ ಮೀಟರ್‌ನ ಸ್ಟ್ರಿಂಗ್ ಗುರುತ್ವಕ್ಕೆ ಹೊಂದಿಸಿಕೊಳ್ಳಲು ಒಂದೇಟಿಗೆ 10⁻³⁵ ಮೀಟರ್ ಹತ್ತಿರಕ್ಕೆ ಇಳಿಯಿತು. ಮೆಸಾನ್‌ನ ಸ್ಟ್ರಿಂಗ್‌ನ ತುದಿಯಲ್ಲಿ ಕ್ವಾರ್ಕ್ ಇತ್ತು. ಹೊಸ ಸ್ಟ್ರಿಂಗ್‌ನಲ್ಲಿ ಕ್ವಾರ್ಕ್, ಎಲೆಕ್ಟ್ರಾನ್ ಎಲ್ಲವೂ ಅದರ ಬೇರೆ ಬೇರೆ ಕಂಪನಗಳು.

ಇದು ಪ್ರಸ್ತಾಪ ಅಂತ ಇಲ್ಲಿ ನಿಲ್ಲಿಸಿ ಹೇಳುತ್ತೇನೆ. 10⁻¹⁸ ಮೀಟರ್ ತನಕ ನೋಡಿದರೂ ಎಲೆಕ್ಟ್ರಾನ್‌ಗೆ ಗಾತ್ರ ಕಂಡಿಲ್ಲ. ಕಣಗಳನ್ನು ಡಿಕ್ಕಿ ಹೊಡೆಸುವ, 27 ಕಿಲೋಮೀಟರ್ ಸುತ್ತಳತೆಯ ಎಲ್‌ಎಚ್‌ಸಿ ಯಂತ್ರದಲ್ಲಿ ಡಿಕ್ಕಿಯ ಶಕ್ತಿ 13.6 ಟಿಇವಿ, ಅಂದರೆ 10⁴ ಜಿಇವಿ ಆಸುಪಾಸು. 10⁻³⁵ ಮೀಟರ್‌ನ ಆ ಪುಟ್ಟ ಅಳತೆಗೆ ಬೇಕಾದದ್ದು 10¹⁹ ಜಿಇವಿ. ಈ ಸಿದ್ಧಾಂತದ ಮುಂದಿನ ರೂಪವಾದ ಸೂಪರ್‌ಸ್ಟ್ರಿಂಗ್‌ಗೆ ಬೇಕಾದ ಸೂಪರ್‌ಸಿಮೆಟ್ರಿಯ (ಪ್ರತಿ ಬಗೆಯ ಕಣಕ್ಕೂ ಒಂದು ಜೋಡಿ ಇರಬೇಕು ಅನ್ನುವ ವಿಚಾರ) ಜೋಡಿ ಕಣಗಳೂ ಅಲ್ಲಿ ಸಿಕ್ಕಿಲ್ಲ.

"ಹಾಗಾದ್ರೆ ಸುಮ್ನೆ ಊಹೆನಾ ಮೇಡಂ?" ಅಂತ ಆಗ ಯಾರಿಗಾದರೂ ಬೇಜಾರಾಗುತ್ತದೆ. ನಾನು ಹಾಗೆ ಕೈಬಿಡುವುದಿಲ್ಲ. ಗುರುತ್ವವನ್ನು ನಾವು ಹಾಕದೆಯೇ ಅದು ಲೆಕ್ಕದೊಳಗಿಂದ ತಾನಾಗಿ ಬಂದಿದ್ದು ಸಣ್ಣ ಮಾತಲ್ಲ. ಗುರುತ್ವ ಇರುವ ಸ್ಟ್ರಿಂಗ್ ಸಿದ್ಧಾಂತಕ್ಕೂ ಗುರುತ್ವ ಇಲ್ಲದ, ಪ್ರಬಲ ಬಲದಂಥ ಸಿದ್ಧಾಂತಕ್ಕೂ 1997ರಲ್ಲಿ ಮಾಲ್ದಸೆನಾ ಮುಂದಿಟ್ಟ ಸಂಬಂಧದಿಂದ ಸ್ಟ್ರಿಂಗ್ ಗಣಿತ ಮತ್ತೆ ಪ್ರಬಲ ಬಲದ ಕಡೆಗೇ ತಿರುಗಿತು, ಕ್ವಾರ್ಕ್-ಗ್ಲುವಾನ್ ಪ್ಲಾಸ್ಮಾ (ತುಂಬಾ ಬಿಸಿಯಲ್ಲಿ ಪ್ರೋಟಾನ್‌ಗಳು ಕರಗಿ ಆಗುವ ದ್ರವ್ಯ) ಅಷ್ಟು ಸಲೀಸಾಗಿ ಯಾಕೆ ಹರಿಯುತ್ತದೆ ಅಂತ ಯೋಚಿಸುವವರಿಗೂ ಅದು ಉಪಯೋಗಕ್ಕೆ ಬಂತು.

ಆಸಕ್ತಿ ಜಾಸ್ತಿ ಇರುವವರಿಗೆ ಇನ್ನೊಂದು ಗ್ರಾಫ್ ಹಾಳೆ ಕೊಟ್ಟು ಕಳಿಸುತ್ತೇನೆ. ಈ ಸಲ ಮೂರು ಕ್ವಾರ್ಕ್‌ಗಳ ಡೆಲ್ಟಾ ಕಣಗಳು: ಸ್ಪಿನ್ 3/2ಕ್ಕೆ 1.232, 7/2ಕ್ಕೆ ಸುಮಾರು 1.95, 11/2ಕ್ಕೆ ಸುಮಾರು 2.42 ಜಿಇವಿ. ವರ್ಗ ಮಾಡಿ ಗೆರೆ ಎಳೆಯಲಿ, ಅದರ ಇಳಿಜಾರು ಮೆಸಾನ್‌ಗಳದ್ದಕ್ಕೆ ಎಷ್ಟು ಹತ್ತಿರ ಬರುತ್ತದೆ ಅಂತ ಅವರೇ ಅಳೆಯಲಿ.