ಹೂವು ಮುಂದೆ, ತುಕ್ಕು ಹಿಂದೆ

ಮಾರ್ಚ್ 2, 2025, ಭಾನುವಾರ

ಅಂತೂ ಹೂ ಬಿಟ್ಟಿತು. ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದರೆ, ಗೋಡೆಪಕ್ಕದ ಹಾಲಿಹಾಕ್ ದಂಟಿನಲ್ಲಿ ನನ್ನ ಸೊಂಟದ ಮಟ್ಟಕ್ಕೆ ಅಂಗೈಯಗಲದ ಹೂವೊಂದು ಪೂರ್ತಿ ಅರಳಿ ನಿಂತಿದೆ. ತಿಳಿ ಗುಲಾಬಿ. ನಾನು 17 ತಿಂಗಳು ಕಾದಿದ್ದು ಕಪ್ಪು ಹೂವಿಗೆ.

ಬೀಜ ಕೊಟ್ಟ ಗೆಳತಿಯದ್ದು ಸುಳ್ಳಲ್ಲ. ಅವಳ ಗಿಡದ ಹೂ ಕಪ್ಪೇ. ನಾನೇ ಕಣ್ಣಾರೆ ನೋಡಿದ್ದೆ. ಕಪ್ಪು ಅನ್ನುವುದೂ ಮಾತಿಗೆ ಅಷ್ಟೆ, ದಳವನ್ನು ಬಿಸಿಲಿಗೆ ಹಿಡಿದರೆ ಕಡುಗೆಂಪು ಒಳಗಿಂದ ಹೊಳೆಯುತ್ತದೆ. ಆದರೆ ಹಾಲಿಹಾಕ್‌ಗೆ ಕುಲಗೋತ್ರದ ಹಂಗಿಲ್ಲ. ಅಕ್ಕಪಕ್ಕ ಬೇರೆ ಬಣ್ಣದ ಗಿಡಗಳಿದ್ದರೆ ದುಂಬಿ, ಜೇನು ಎಲ್ಲಾ ಬೆರೆಸಿಬಿಡುತ್ತವೆ. ತಾಯಿಯ ಬಣ್ಣ ಮಗಳಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

2023ರ ಸೆಪ್ಟೆಂಬರ್ ಕೊನೆಯಲ್ಲಿ 18 ಬೀಜ ಊರಿದ್ದೆ. ಚಪ್ಪಟೆ ಬಿಲ್ಲೆಯಂಥ ಬೀಜ. ಅರ್ಧ ಸೆಂಟಿಮೀಟರ್ ಮಣ್ಣು ಮುಚ್ಚಿದರೆ ಸಾಕು. ಎರಡು ವಾರದೊಳಗೆ 11 ಮೊಳಕೆ. ಅಮ್ಮ ಬಗ್ಗಿ ನೋಡಿ, "ಬೆಂಡೆ ಹಾಕಿದೀಯೇನೇ?" ಅಂದಿದ್ದಳು. ನಕ್ಕಿದ್ದೆ. ಆಮೇಲೆ ಓದಿದರೆ ಬೆಂಡೆ, ಹತ್ತಿ, ದಾಸವಾಳ, ಹಾಲಿಹಾಕ್ ಎಲ್ಲಾ ಒಂದೇ ಮನೆತನ, ಮಾಲ್ವೇಸೀ. ಅಮ್ಮನ ಕಣ್ಣು ನೆಂಟಸ್ತಿಕೆಯನ್ನು ಎಲ್ಲಿದ್ದರೂ ಹಿಡಿಯುತ್ತದೆ.

ಮೊದಲ ತಪ್ಪು ಆಗಲೇ ಆಯ್ತು. ಸಾಲು ಚೆಂದ ಕಾಣಲಿ ಅಂತ ಆರು ಸಸಿ ಕಿತ್ತು ಬೇರೆ ಕಡೆ ನೆಟ್ಟೆ. ಇದರ ತಾಯಿಬೇರು ನೇರ ಕೆಳಗೆ ಇಳಿಯುವಂಥದ್ದು, ತುದಿ ಮುರಿದರೆ ಗಿಡ ಸುಧಾರಿಸಿಕೊಳ್ಳುವುದು ಕಷ್ಟ. ನಾಲ್ಕು ಸತ್ತವು. ಮತ್ತೆರಡನ್ನು ದಟ್ಟವಾಯ್ತು ಅಂತ ನಾನೇ ತೆಗೆದೆ. ಉಳಿದದ್ದು ಐದು, ಒಂದೂವರೆ ಅಡಿಗೊಂದು.

ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬರೀ ಎಲೆ. ನೆಲಕ್ಕೆ ಅಂಟಿಕೊಂಡು ತಟ್ಟೆಯಷ್ಟಗಲ ಹರಡಿದ ಒರಟು ಎಲೆ. ಮುಟ್ಟಿದರೆ ಸಣ್ಣ ರೋಮ ಚರ್ಮಕ್ಕೆ ಚುರುಗುಡುತ್ತದೆ. ಬೇಗ ಬಿತ್ತಿದರೆ ಅದೇ ವರ್ಷ ಹೂ ಬಿಡುವ ತಳಿಗಳೂ ಇವೆ. ನನ್ನವು ಹಳೇ ಪದ್ಧತಿಯವು, ಮೊದಲ ವರ್ಷ ಬೇರು-ಎಲೆ, ಎರಡನೇ ವರ್ಷ ಹೂ. ಜನವರಿ ಕೊನೆಯಲ್ಲಿ ನಡುವಿನಿಂದ ದಂಟು ಎದ್ದಿತು ನೋಡಿ, ದಿನಾ ಬೆಳಿಗ್ಗೆ ಒಂದೊಂದು ಎತ್ತರ. ಈಗ ನನ್ನ ತಲೆಗಿಂತ ಮೇಲಿದೆ. ಗಾಳಿಗೆ ಬೀಳದಿರಲಿ ಅಂತ ಕೋಲು ನೆಟ್ಟು, ಹಳೇ ಬಟ್ಟೆಯ ಪಟ್ಟಿಯಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿದ್ದೇನೆ. ಹುರಿ ಕಟ್ಟಿದ್ದ ಕಡೆ ದಂಟು ಉಜ್ಜಿ ಗಾಯವಾಗಿತ್ತು.

ಇನ್ನು ತುಕ್ಕು ರೋಗದ ಕಥೆ. ಡಿಸೆಂಬರ್‌ನಲ್ಲಿ ಎಲೆಯ ಮೇಲೆ ಹಳದಿ ಚುಕ್ಕೆ ಕಂಡಿತು. ತಿರುಗಿಸಿ ನೋಡಿದರೆ ಕೆಳಗೆ ರಾಗಿಕಾಳಿನಂಥ ಕಂದು ಗುಳ್ಳೆಗಳು. ಹುಳುವಿನ ಮೊಟ್ಟೆ ಅಂದುಕೊಂಡು ಬೇವಿನೆಣ್ಣೆ ಹೊಡೆದೆ, ಮೂರು ವಾರ. ಹುಳು ಇದ್ದರೆ ತಾನೆ ಸಾಯೋದು! ಅದು ಶಿಲೀಂಧ್ರ, ಪುಕ್ಸಿನಿಯಾ ಮಾಲ್ವಸಿಯಾರಮ್. ಗೋಧಿಯ ಕಾಂಡದ ತುಕ್ಕಿಗೆ ಬಾಳಚಕ್ರ ಮುಗಿಸಲು ಬಾರ್ಬೆರಿ ಅನ್ನುವ ಇನ್ನೊಂದು ಗಿಡದ ಆಸರೆ ಬೇಕು. ಇದಕ್ಕೆ ಯಾರೂ ಬೇಡ, ಹುಟ್ಟು ಸಾವು ಎಲ್ಲಾ ಇದೇ ಮನೆಯಲ್ಲಿ. ಹೀಗಾಗಿ ಬಿದ್ದ ಒಂದು ರೋಗದೆಲೆಯೂ ಮುಂದಿನ ಬೆಳೆಗೆ ಬೀಜವಿದ್ದಂತೆ. ಬೀಜದ ಜೊತೆಗಿನ ಹೊಟ್ಟಿನಲ್ಲೂ ಇದು ಸಾಗುತ್ತದಂತೆ. ನಾನು ಹೊಟ್ಟು ಊದದೆ ಹಾಗೇ ಬಿತ್ತಿದ್ದೆ.

ಚಿಲಿ ದೇಶದ ಮಾದರಿ ನೋಡಿ 1852ರಲ್ಲಿ ಮೊಂಟಾನ್ಯ ಎಂಬ ಫ್ರೆಂಚ್ ವಿಜ್ಞಾನಿ ಇದಕ್ಕೆ ಹೆಸರಿಟ್ಟ. 1873ರ ಹೊತ್ತಿಗೆ ಇಂಗ್ಲೆಂಡ್ ತಲುಪಿತ್ತು. ಅಲ್ಲಿ ಸ್ಯಾಫ್ರನ್ ವಾಲ್ಡನ್ ಎಂಬ ಊರಿನ ವಿಲಿಯಂ ಚೇಟರ್, ಹಾಲಿಹಾಕ್‌ನಲ್ಲಿ ಸುತ್ತುಸುತ್ತು ಎಸಳಿನ ತಳಿಗಳನ್ನು ಬೆಳೆಸಿ ಹೆಸರಾದವನು. ಅವನ ಹೆಸರಿನ ತಳಿ ಈಗಲೂ ಬೀಜದ ಪಟ್ಟಿಗಳಲ್ಲಿದೆ. ಅಂಥವರ ತೋಟಗಳನ್ನೂ ತುಕ್ಕು ಬಿಡಲಿಲ್ಲ ಅಂತ ಓದಿದಾಗ, ತಪ್ಪಲ್ಲವೇ, ಸ್ವಲ್ಪ ಸಮಾಧಾನವಾಯಿತು.

ಈಗ ಮಾಡುತ್ತಿರುವುದಿಷ್ಟು: ಕೆಳಗಿನ ರೋಗದೆಲೆ ಕತ್ತರಿಸಿ ಚೀಲಕ್ಕೆ ಹಾಕುವುದು (ಗೊಬ್ಬರದ ಗುಂಡಿಗೆ ಖಂಡಿತ ಇಲ್ಲ), ಗಿಡಗಳ ನಡುವೆ ಗಾಳಿಯಾಡಲು ಬಿಡುವುದು, ಎಲೆ ನೆನೆಯದಂತೆ ಬುಡಕ್ಕೆ ಮಾತ್ರ ನೀರು. ಎಲೆ ಒದ್ದೆಯಾಗಿದ್ದರೇ ತುಕ್ಕಿನ ಬೀಜಕಣ ಮೊಳೆಯುವುದು. ಈ ಮೂರನೆಯದರಲ್ಲೇ ನಮ್ಮ ಮನೆಯ ಜಗಳ. ಇವತ್ತೂ ಅಮ್ಮ ಪೈಪ್ ಎತ್ತಿ ಗಿಡಗಳಿಗೆ ತಲೆಸ್ನಾನ ಮಾಡಿಸುತ್ತಿದ್ದಳು.

"ಅಮ್ಮಾ, ಮೇಲಿಂದ ಹೊಯ್ಯಬೇಡ ಅಂತ ಎಷ್ಟು ಸಲ ಹೇಳಿದೀನಿ!"

"ಮಳೆ ಏನು ಬುಡದಿಂದ ಬರತ್ತಾ?"

ಉತ್ತರ ಹೊಳೆಯಲಿಲ್ಲ. ಪೈಪ್ ಮಾತ್ರ ಕಸಿದುಕೊಂಡೆ.

ಕತ್ತರಿ ಹಿಡಿದು ಕೂತಾಗ ಒಂದು ಗಮನಕ್ಕೆ ಬಂತು. ತುಕ್ಕು ಕೆಳಗಿನ ಎಲೆಯಿಂದ ಮೇಲಕ್ಕೆ ಹತ್ತುತ್ತಿದೆ. ಹೂವೂ ಹಾಗೇ, ಬುಡದ ಕಡೆಯ ಮೊಗ್ಗು ಮೊದಲು, ತುದಿಯದು ಕೊನೆಗೆ. ಒಂದೇ ಏಣಿ, ಇಬ್ಬರು. ಇವತ್ತಿನ ಹೂವಿಗಿಂತ ನಾಲ್ಕು ಎಲೆ ಕೆಳಗಿದೆ ತುಕ್ಕು. ಮೇಲೆ ಇನ್ನೂ 31 ಮೊಗ್ಗು, ಎರಡು ಸಲ ಎಣಿಸಿದೆ. ಒಂದು ಹೂ ಒಂದೆರಡು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ, ಆದರೆ ದಂಟು ವಾರಗಟ್ಟಲೆ ಅರಳುತ್ತಾ ಹೋಗುತ್ತದೆ. ತುಕ್ಕನ್ನು ಓಡಿಸುವ ಆಸೆ ಬಿಟ್ಟಿದ್ದೇನೆ. ಹೂವಿಗಿಂತ ಹಿಂದೆ ಉಳಿಸಿದರೆ ಸಾಕು.

ಹತ್ತು ಗಂಟೆಗೆ ಜೇನೊಂದು ಬಂದು ಹೂವಿನೊಳಗೆ ಇಳಿಯಿತು. ನಡುವಿನ ಕಂಬದ ತುಂಬ ಪರಾಗ, ಒಂದೊಂದು ಕಣವೂ ಬರಿಗಣ್ಣಿಗೆ ಕಾಣುವಷ್ಟು ದಪ್ಪ. ಹೊರಬರುವಾಗ ಅದರ ಮೈಯೆಲ್ಲಾ ಹಿಟ್ಟಿನ ಗಿರಣಿಯವರ ಹಾಗೆ ಬಿಳಿ. ಹೂವಿನಲ್ಲಿ ಪರಾಗ ಮೊದಲು ಮಾಗುತ್ತದೆ, ಹೆಣ್ಣುಭಾಗದ ಎಳೆಗಳು ಆಮೇಲೆ ಹೊರಚಾಚುತ್ತವೆ. ಜೇನು ಬಾರದೇ ಇದ್ದರೆ ಆ ಎಳೆಗಳೇ ಬಾಗಿ ತಮ್ಮ ಹೂವಿನ ಪರಾಗವನ್ನು ಮುಟ್ಟಿಕೊಳ್ಳುತ್ತವಂತೆ. ಅದನ್ನು ನಾಳೆ ನೋಡಬೇಕು.

ರಾತ್ರಿ 9: ಬೀಜಕ್ಕೆ ಒಂದು ಗಿಡ ಮಾತ್ರ ಬಿಟ್ಟು, ಉಳಿದ ನಾಲ್ಕರ ದಂಟನ್ನು ಹೂ ಮುಗಿದೊಡನೆ ಬುಡಕ್ಕೆ ಕತ್ತರಿಸುವ ಯೋಚನೆ. ಹಾಗೆ ಮಾಡಿದರೆ ಕೆಲವು ಸಲ ಗಿಡ ಇನ್ನೊಂದು ವರ್ಷವೂ ಚಿಗುರುತ್ತದೆ. ನನ್ನ ಆಸೆಯೆಲ್ಲಾ ಎಡತುದಿಯ ಗಿಡದ ಮೇಲೆ. ಅದರ ಮೊಗ್ಗಿನ ತುದಿ ಸ್ವಲ್ಪ ಕಡುಬಣ್ಣ ಕಾಣುತ್ತಿದೆ. ಅದಕ್ಕೆ ಗುರುತಿನ ದಾರ ಕಟ್ಟೋಣ ಅಂತ ಟಾರ್ಚ್ ಹಿಡಿದು ಹೋದೆ. ಅಮ್ಮ ಆಗಲೇ ಕೆಂಪು ದಾರ ಕಟ್ಟಿ ಆಗಿದೆ, ಬೆಳಗಿನ ಗುಲಾಬಿ ಹೂವಿನ ಗಿಡಕ್ಕೆ. ಅದೂ ಎರಡು ಗಂಟು ಹಾಕಿ.