ಹೆವಿ ಲೈಸೆನ್ಸ್ ಪಡೆದ ಹೊಸಬರಿಗೆ: ಲಾರಿ ನಿಂತಿರುವಾಗಲೇ ಮಾಡಬೇಕಾದ ಕೆಲಸ

ಹೆವಿ ವಾಹನದ ಲೈಸೆನ್ಸ್‌ಗಾಗಿ ಪರೀಕ್ಷೆ ಕೊಡುವಾಗ ನಾವು ಓಡಿಸುವುದು ಸಾಮಾನ್ಯವಾಗಿ ಖಾಲಿ ಲಾರಿಯನ್ನು. ಕೆಲಸಕ್ಕೆ ಸೇರಿದ ಮೇಲೆ ಕೈಗೆ ಬರುವ ಲಾರಿಯ ಸ್ವಭಾವವೇ ಬೇರೆ. ಖಾಲಿ ಇದ್ದಾಗ ಒಂಬತ್ತು ಹತ್ತು ಟನ್ ತೂಗುವ ಹತ್ತು ಚಕ್ರದ ಲಾರಿ ಪೂರ್ತಿ ಲೋಡಾದಾಗ 28 ಟನ್ ಮುಟ್ಟುತ್ತದೆ. ಅದೇ ಸ್ಟೀರಿಂಗ್, ಅದೇ ಬ್ರೇಕ್ ಪೆಡಲ್, ಆದರೆ ನಿಲ್ಲಲು ಬೇಕಾಗುವ ದೂರ, ತಿರುವಿನಲ್ಲಿ ವಾಲುವ ರೀತಿ, ಏರಿನಲ್ಲಿ ಎಳೆಯುವ ರೀತಿ ಯಾವುದೂ ಮೊದಲಿನಂತೆ ಇರುವುದಿಲ್ಲ. ಬೆಂಗಳೂರು–ಮಂಗಳೂರು ಮಾರ್ಗದಲ್ಲಿ ಹಲವು ವರ್ಷಗಳಿಂದ ಲಾರಿ ಓಡಿಸುತ್ತಿರುವ ನಾನು, ಪಕ್ಕದ ಸೀಟಿನಲ್ಲಿ ಕುಳಿತು ಕಲಿಯಲು ಬಂದವರಿಗೆಲ್ಲ ಒಂದೇ ಮಾತನ್ನು ಹೇಳುತ್ತಾ ಬಂದಿದ್ದೇನೆ. ಈ ಕೆಲಸದ ದೊಡ್ಡ ನಿರ್ಧಾರಗಳೆಲ್ಲ ಲಾರಿ ನಿಂತಿರುವಾಗ, ಇಲ್ಲವೇ ಇನ್ನೂ ನಿಧಾನವಾಗಿರುವಾಗಲೇ ಆಗಿಹೋಗಬೇಕು. ವೇಗ ಹಿಡಿದ 28 ಟನ್ ತೂಕ ಯೋಚಿಸಲು ಸಮಯ ಕೊಡುವುದಿಲ್ಲ.

ಲೈಸೆನ್ಸ್‌ನ ವಿಷಯವನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಸಾರಿಗೆ ವಾಹನದ ಕಲಿಕಾ ಲೈಸೆನ್ಸ್ ಪಡೆಯಲು ಲಘು ವಾಹನದ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷ ಆಗಿರಬೇಕು. ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಿದ ಮೇಲೆ, ಓದು ಅರ್ಧಕ್ಕೆ ನಿಂತಿದ್ದ ಅನೇಕರಿಗೆ ಈ ದಾರಿ ತೆರೆದಿದೆ. ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸ್‌ನಲ್ಲಿಯೇ ಓಡಿಸಬಹುದೆಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಆದ್ದರಿಂದ ಸಣ್ಣ ಗಾಡಿಯಲ್ಲಿ ಒಂದೆರಡು ವರ್ಷ ಕೈ ಪಳಗಿಸಿಕೊಂಡು ಹೆವಿಗೆ ಬರುವುದು ಕಾನೂನಿಗೂ ಸರಿ, ನನ್ನ ದೃಷ್ಟಿಯಲ್ಲಿ ಅತ್ಯುತ್ತಮ ಕ್ರಮವೂ ಹೌದು.

ಬೆಳಿಗ್ಗೆ ಎಂಜಿನ್ ಚಾಲು ಮಾಡುವ ಮೊದಲು ಲಾರಿಯ ಸುತ್ತ ಒಂದು ಸುತ್ತು ಬರಬೇಕೆಂದು ಎಲ್ಲರೂ ಹೇಳುತ್ತಾರೆ. ಆ ಸುತ್ತಿನಲ್ಲಿ ಏನನ್ನು ನೋಡಬೇಕೆಂದು ಹೇಳುವವರು ಕಡಿಮೆ. ಹಿಂದಿನ ಜೋಡಿ ಟಯರುಗಳಲ್ಲಿ ಒಳಗಿನದು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಹೊರಗಿನದು ಭಾರವನ್ನೆಲ್ಲ ಹೊತ್ತು ನಿಂತಿರುವುದರಿಂದ, ಒಳಗಿನದು ಗಾಳಿ ಕಳೆದುಕೊಂಡಿದ್ದರೂ ಹೊರನೋಟಕ್ಕೆ ಲಾರಿ ನೆಟ್ಟಗೇ ಇರುತ್ತದೆ. ಅದಕ್ಕಾಗಿ ಕಬ್ಬಿಣದ ರಾಡಿನಿಂದ ಒಂದೊಂದೇ ಟಯರನ್ನು ತಟ್ಟಿ ಕೇಳಬೇಕು: ಗಾಳಿ ಸರಿಯಿದ್ದರೆ ರಾಡು ಠಣ್ ಎಂದು ಪುಟಿಯುತ್ತದೆ, ಇಲ್ಲದಿದ್ದರೆ ಮೆತ್ತಗಿನ ಮಂಕು ಸದ್ದು ಬರುತ್ತದೆ. ಜೋಡಿ ಟಯರುಗಳ ನಡುವೆ ಕಲ್ಲು ಸಿಕ್ಕಿಕೊಂಡಿದ್ದರೆ ಅಲ್ಲಿಯೇ ತೆಗೆಯಬೇಕು, ಏಕೆಂದರೆ ಹೆದ್ದಾರಿಯ ವೇಗದಲ್ಲಿ ಅದು ಸಿಡಿದು ಹಿಂದೆ ಬರುತ್ತಿರುವ ಬೈಕ್ ಸವಾರನ ಪ್ರಾಣಕ್ಕೇ ಕುತ್ತಾಗಬಹುದು. ಚಕ್ರದ ನಟ್ಟಿನ ಬುಡದಿಂದ ತುಕ್ಕಿನ ಗೆರೆ ಇಳಿದಿದ್ದರೆ ಆ ನಟ್ಟು ಸಡಿಲವಾಗಿದೆ ಎಂದು ಅನುಮಾನಿಸಬೇಕು. ಹೆವಿ ಲಾರಿಯ ಬ್ರೇಕ್ ಕೆಲಸ ಮಾಡುವುದು ಒತ್ತಿ ತುಂಬಿದ ಗಾಳಿಯಿಂದ; ಆ ಗಾಳಿಯ ಟ್ಯಾಂಕುಗಳ ಅಡಿಯಲ್ಲಿರುವ ಡ್ರೇನ್ ವಾಲ್ವನ್ನು ತೆರೆದು ಒಳಗೆ ಸೇರಿದ ನೀರನ್ನು ಹೊರಬಿಡಬೇಕು. ನೀರು ತುಂಬಿದಷ್ಟೂ ಗಾಳಿಗೆ ಜಾಗ ಕಡಿಮೆಯಾಗುತ್ತದೆ, ವಾಲ್ವುಗಳು ತುಕ್ಕು ಹಿಡಿಯುತ್ತವೆ. ಆಮೇಲೆ ಎಂಜಿನ್ ಚಾಲು ಮಾಡಿ, ಗಾಳಿಯ ಒತ್ತಡ ಪೂರ್ತಿ ಏರಿ ಎಚ್ಚರಿಕೆಯ ಸದ್ದು ನಿಲ್ಲುವವರೆಗೂ ಕಾಯಬೇಕು. ಪಾರ್ಕಿಂಗ್ ಬ್ರೇಕನ್ನು ಹಿಡಿದಿರುವುದು ಸ್ಪ್ರಿಂಗ್, ಬಿಡಿಸುವುದು ಗಾಳಿ. ಗಾಳಿ ಸಾಲದೆ ಲಾರಿ ಕದಲದಿದ್ದರೆ ಅದು ಲಾರಿಯ ದೋಷವಲ್ಲ, ನಮ್ಮ ರಕ್ಷಣೆಗೆ ಮಾಡಿರುವ ವ್ಯವಸ್ಥೆ.

ಲೋಡಿನ ವಿಷಯದಲ್ಲಿ ಹೊಸ ಚಾಲಕರು ಬಹಳ ಸಂಕೋಚ ಪಡುತ್ತಾರೆ. ಲೋಡು ಹಾಕಿಸುವುದು ಟ್ರಾನ್ಸ್‌ಪೋರ್ಟ್ ಆಫೀಸಿನವರ ಕೆಲಸ, ಹೇರುವುದು ಹಮಾಲರ ಕೆಲಸ, ತಾನು ಓಡಿಸಿದರೆ ಸಾಕು ಎಂದು ಕ್ಯಾಬಿನ್‌ನಲ್ಲಿಯೇ ಮಲಗಿಬಿಡುತ್ತಾರೆ. ಆದರೆ ಭಾರವೆಲ್ಲ ಹಿಂದಕ್ಕೆ ಬಿದ್ದರೆ ಮುಂದಿನ ಚಕ್ರಗಳು ಹಗುರಾಗಿ ಸ್ಟೀರಿಂಗ್ ಹಿಡಿತಕ್ಕೆ ಸಿಗುವುದಿಲ್ಲ, ಒಂದು ಪಕ್ಕಕ್ಕೆ ಹೆಚ್ಚಾದರೆ ತಿರುವಿನಲ್ಲಿ ಲಾರಿ ಆ ಕಡೆಗೇ ವಾಲುತ್ತದೆ. ಇವೆರಡನ್ನೂ ರಸ್ತೆಯ ಮೇಲೆ ಅನುಭವಿಸುವವನು ಚಾಲಕನೇ. ಆದ್ದರಿಂದ ಹೇರುವಾಗ ಹತ್ತಿರವೇ ನಿಂತಿರಬೇಕು, ಲಾರಿಯನ್ನು ತೂಗುವ ವೇಬ್ರಿಡ್ಜ್‌ನ ಚೀಟಿಯನ್ನು ಸ್ವತಃ ಓದಬೇಕು. ಟಾರ್ಪಾಲು ಕಟ್ಟಿ ಹೊರಟ ಮೇಲೆ ಮೊದಲ ಹತ್ತಿಪ್ಪತ್ತು ಕಿಲೋಮೀಟರಿನಲ್ಲಿ ಲೋಡು ಕುಳಿತು ಹಗ್ಗ ಸಡಿಲವಾಗುವುದರಿಂದ, ನೆಲಮಂಗಲ ದಾಟಿದ ಮೇಲೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯುವುದನ್ನು ನಾನು ತಪ್ಪಿಸುವುದಿಲ್ಲ.

ಮಿತಿಗಿಂತ ಹೆಚ್ಚು ತೂಕವಿದ್ದರೆ ಏನು ಮಾಡಬೇಕು? ಕಾನೂನಿನ ಪ್ರಕಾರ ದಂಡ 20,000 ರೂಪಾಯಿ. ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ. ತೂಕ ಮಾಡಿಸಲು ನಿಲ್ಲಿಸದೆ ಹೋದರೆ 40,000 ರೂಪಾಯಿ. ದಂಡವನ್ನು ಮಾಲೀಕರು ಕಟ್ಟಿಕೊಳ್ಳುತ್ತಾರೆ ಎಂಬ ಭರವಸೆಯ ಮಾತು ಪ್ರತಿ ಲೋಡಿಂಗ್ ಜಾಗದಲ್ಲಿಯೂ ಕೇಳಿಬರುತ್ತದೆ. ಬ್ರೇಕ್ ಹಿಡಿಯದೆ ಹೋದಾಗ ಆ ಭರವಸೆಯಿಂದ ಏನೂ ಪ್ರಯೋಜನವಿಲ್ಲ. ಹೆಚ್ಚಿನ ಲೋಡು ಬೇಡವೆಂದು ಹೇಳಿದ್ದಕ್ಕೆ ಕೆಲಸ ಹೋದರೂ ಹೋಗಲಿ ಎಂದೇ ನಾನು ಹೊಸಬರಿಗೆ ಹೇಳುತ್ತೇನೆ. ಈ ಮಾತು ಹೇಳುವುದು ಸುಲಭ, ಮನೆಯ ಜವಾಬ್ದಾರಿ ಹೊತ್ತವರಿಗೆ ಪಾಲಿಸುವುದು ಕಷ್ಟ ಎಂಬುದನ್ನು ಬಲ್ಲೆ, ಆದರೂ ಹೇಳುತ್ತೇನೆ.

ಶಿರಾಡಿ ಘಾಟಿಗೆ ಬಂದರೆ ಈ ಎಲ್ಲ ಮಾತುಗಳಿಗೂ ಅರ್ಥ ಸಿಗುತ್ತದೆ. ಸಕಲೇಶಪುರ ದಾಟಿ ಮಾರನಹಳ್ಳಿಯ ಬಳಿ ಇಳಿಜಾರು ಆರಂಭವಾಗುವ ಮೊದಲೇ ಗೇರನ್ನು ಇಳಿಸಿಕೊಂಡು, ಎಂಜಿನ್ನಿನ ಹೊಗೆಯ ದಾರಿಯನ್ನು ತಡೆದು ವೇಗ ಕುಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿ, ಎಂಜಿನ್ನೇ ಲಾರಿಯನ್ನು ತಡೆಹಿಡಿಯುವಂತೆ ಮಾಡಿಕೊಳ್ಳಬೇಕು. ಯಾವ ಗೇರಿನಲ್ಲಿ ಹತ್ತಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಳೆಯ ಚಾಲಕರ ಲೆಕ್ಕ. ಸಂದೇಹವಿದ್ದರೆ ಅದಕ್ಕಿಂತಲೂ ಒಂದು ಗೇರು ಕಡಿಮೆ. ಇಳಿಜಾರಿನಲ್ಲಿ ವೇಗ ಹಿಡಿದ ಮೇಲೆ ಗೇರು ಇಳಿಸಲು ಹೋದರೆ ಗೇರು ಬೀಳದೆ ಲಾರಿ ನ್ಯೂಟ್ರಲ್‌ನಲ್ಲಿ ಉಳಿದುಬಿಡುವ ಅಪಾಯವಿದೆ. ಆಗ ಇಡೀ ತೂಕ, ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಒತ್ತಿ ಲಾರಿಯನ್ನು ತಡೆಯುವ ಬ್ರೇಕ್ ಲೈನರುಗಳ ಮೇಲೆಯೇ ಬೀಳುತ್ತದೆ. ಪೆಡಲನ್ನು ಒತ್ತಿಹಿಡಿದೇ ಇದ್ದರೆ ಡ್ರಮ್ಮು ಕಾದು ಹಿಗ್ಗಿ ಲೈನರಿನಿಂದ ದೂರವಾಗುತ್ತದೆ, ಕಾದ ಲೈನರು ತನ್ನ ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಪೆಡಲು ಒತ್ತಿದರೂ ಲಾರಿ ನಿಲ್ಲುವುದಿಲ್ಲ. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಅಭ್ಯಾಸ ಇನ್ನೂ ಉಳಿದಿದೆ, ಅದನ್ನು ಕಲಿಸುವ ಹಿರಿಯರೂ ಇದ್ದಾರೆ. ಅವರ ಮಾತನ್ನು ಕೇಳಬೇಡಿ. ಇಂದಿನ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನದ ಪೂರೈಕೆ ತಾನಾಗಿಯೇ ನಿಲ್ಲುವುದರಿಂದ ಆ ಉಳಿತಾಯವೂ ಸುಳ್ಳು. ಸುಟ್ಟ ವಾಸನೆ ಮೂಗಿಗೆ ಬಡಿದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಗಟ್ಟೆ ಕೊಟ್ಟು, ಡ್ರಮ್ಮುಗಳು ತಾವಾಗಿಯೇ ಆರುವವರೆಗೆ ಕಾಯಬೇಕು; ನೀರು ಎರಚಬಾರದು, ಬಿಸಿ ಡ್ರಮ್ಮು ಬಿರುಕು ಬಿಡುತ್ತದೆ. ಹಿಂದೆ ಸಾಲುಗಟ್ಟಿದ ಕಾರುಗಳು ಎಷ್ಟೇ ಹಾರ್ನ್ ಹೊಡೆದರೂ ನಮ್ಮ ಗೇರು ಬದಲಾಗಬಾರದು.

ಮಳೆಗಾಲದಲ್ಲಿ ಈ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು. ಅಂಥ ವೇಳೆ ಕಾಗದಪತ್ರದ ಕಡೆಗೂ ಗಮನವಿರಬೇಕು. ಸರಕು ಸಾಗಿಸಲು ಜಿಎಸ್‌ಟಿ ನಿಯಮದಂತೆ ಆನ್‌ಲೈನಿನಲ್ಲಿ ಪಡೆಯುವ ಇ-ವೇ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನದಂತೆ ಅವಧಿ ಸಿಗುತ್ತದೆ; ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್ ಆಗುವುದರಿಂದ ಎರಡು ದಿನ. ಮಧ್ಯದಲ್ಲಿ ಸಿಕ್ಕಿಬಿದ್ದರೆ ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಮುಗಿದ ಎಂಟು ಗಂಟೆಯೊಳಗೆ ಅದನ್ನು ವಿಸ್ತರಿಸಲು ಅವಕಾಶವಿದೆ, ಆದ್ದರಿಂದ ಆಫೀಸಿಗೆ ಆಗಲೇ ಫೋನ್ ಮಾಡಬೇಕು. ಲಾರಿ ಕೆಟ್ಟು ಸರಕನ್ನು ಬೇರೆ ಲಾರಿಗೆ ಬದಲಿಸಿದರೆ ಬಿಲ್ಲಿನಲ್ಲಿ ವಾಹನದ ಸಂಖ್ಯೆಯನ್ನೂ ಬದಲಿಸಬೇಕು.

ರಿವರ್ಸ್ ತೆಗೆದುಕೊಳ್ಳುವಾಗ ಕೆಳಗಿಳಿದು ನೋಡುವುದಕ್ಕೆ ನಾಚಬಾರದು. ಯಶವಂತಪುರದ ಗೋಡೌನ್ ಓಣಿಗಳಲ್ಲಿ ಕನ್ನಡಿಗೆ ಕಾಣದ ಸಂಗತಿಗಳೇ ಹೆಚ್ಚು: ತಲೆಯ ಮೇಲೆ ಜೋತುಬಿದ್ದ ವೈರು, ಚರಂಡಿಯ ಮೇಲಿನ ತೆಳು ಚಪ್ಪಡಿ, ಎಡಬದಿಯ ಕುರುಡು ಜಾಗದಲ್ಲಿ ನಿಂತ ಸ್ಕೂಟರು, ಆಡುತ್ತಿರುವ ಮಗು. ಈಗ ಕ್ಲೀನರ್ ಇಲ್ಲದೆ ಒಬ್ಬರೇ ಹೋಗುವ ಲಾರಿಗಳು ಹೆಚ್ಚಾಗಿರುವುದರಿಂದ ಇಳಿದು ನೋಡುವ ಕೆಲಸವೂ ಚಾಲಕನದೇ.

ವಿಶ್ರಾಂತಿಯ ಬಗ್ಗೆ ಕಾನೂನಿನಲ್ಲಿ ಹಿಂದಿನಿಂದಲೂ ಒಳ್ಳೆಯ ಮಾತಿದೆ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಕೆಲಸವಿತ್ತು. ಐದು ಗಂಟೆಗೂ ಹೆಚ್ಚು ದುಡಿಯುವ ಮೊದಲು ಅರ್ಧ ಗಂಟೆಯಾದರೂ ವಿಶ್ರಾಂತಿ ಸಿಗಬೇಕಿತ್ತು. ಟ್ರಿಪ್ಪಿನ ಲೆಕ್ಕದಲ್ಲಿ ಬತ್ತಾ ಕೊಡುವ ಕಡೆಗಳಲ್ಲಿ ಇಂಥದ್ದು ನಡೆಯುವುದು ವಿರಳ. ಆದರೂ ಬೆಳಗಿನ ಜಾವ ಎರಡರಿಂದ ನಾಲ್ಕರವರೆಗೆ ಲಾರಿಯನ್ನು ನಿಲ್ಲಿಸಿ ಮಲಗುವ ಹಕ್ಕನ್ನು ಯಾವ ಮಾಲೀಕರಿಗೂ ಬಿಟ್ಟುಕೊಡಬಾರದೆಂಬುದು ನನ್ನ ದೃಢ ಅಭಿಪ್ರಾಯ. ಆ ಹೊತ್ತಿನಲ್ಲಿ ಚಹಾ, ಗುಟ್ಕಾ, ಹಾಡು ಯಾವುದೂ ನಿದ್ದೆಯನ್ನು ತಡೆಯುವುದಿಲ್ಲ.

ಕೆಲಸಕ್ಕೆ ಸೇರುವ ದಿನವೇ ಮಾಲೀಕರ ಹತ್ತಿರ ಕೆಲವು ವಿಷಯಗಳನ್ನು ಸ್ಪಷ್ಟವಾಗಿ ಕೇಳಿಕೊಳ್ಳಬೇಕು. ಬತ್ತಾ ಎಷ್ಟು, ಪಂಕ್ಚರ್ ಮತ್ತು ಹಮಾಲಿಯ ಖರ್ಚು ಯಾರದು, ಲಾರಿಯ ಎಫ್‌ಸಿ (ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಮತ್ತು ವಿಮೆ ಯಾವ ತಾರೀಖಿನವರೆಗೆ ಇವೆ, ಬ್ರೇಕ್ ಲೈನರು ಹಾಕಿಸಿದ್ದು ಯಾವಾಗ ಎಂದು ಕೇಳುವ ಹೊಸಬರನ್ನು ಒಳ್ಳೆಯ ಮಾಲೀಕರು ಗೌರವದಿಂದಲೇ ನೋಡುತ್ತಾರೆ. ಮೊದಲ ಕೆಲವು ಘಾಟಿ ಟ್ರಿಪ್ಪುಗಳಿಗೆ ಅನುಭವಿ ಚಾಲಕರೊಬ್ಬರನ್ನು ಜೊತೆಗೆ ಕಳುಹಿಸಿ ಎಂದೂ ಕೇಳಬೇಕು. ಅದಕ್ಕೆ ಅವರು ಒಪ್ಪದಿದ್ದರೆ, ಚಿತ್ರದುರ್ಗ–ದಾವಣಗೆರೆ ಮಾರ್ಗವಾಗಿ ಹುಬ್ಬಳ್ಳಿಗೆ ಹೋಗುವಂಥ ಬಯಲಿನ ರಸ್ತೆಯ ಲೋಡುಗಳನ್ನೇ ಕೊಡಿ ಎಂದು ಹೇಳಿ, ತೂಕದ ಲಾರಿ ಕೈಗೆ ಪಳಗುವವರೆಗೆ ಆ ಮಾರ್ಗದಲ್ಲಿಯೇ ಓಡಿಸುವುದು ಒಳ್ಳೆಯದು.